ನೈಲನದಿಯ ದೇವಾಲಯಯಾತ್ರೆ

ಈಜಿಪ್ಟ್ ದೇಶದ ಪುರಾತನ ದೇವಾಲಯಗಳನ್ನು ನೋಡಬಯಸುವವರು ಸಾಮಾನ್ಯವಾಗಿ ಚಳಿಗಾಲದಲ್ಲಿ ಲಕ್ಸರ್ ಪಟ್ಟಣದಲ್ಲಿ ಹಡಗನ್ನೇರಿ, ನಾಲ್ಕೈದು ದಿನಗಳಲ್ಲಿ ಆಸ್ವಾನನ್ನು ತಲಪುವಂತೆ ಏರ್ಪಾಟು ಮಾಡಿಕೊಳ್ಳುತ್ತಾರೆ. ಮಾರ್ಗವು ಸುಗಮವಾದುದೇ ಸರಿ. ಆದರೆ ದೇವಾಲಯಗಳ ಪಟ್ಟಿಯೊಂದನ್ನೇ ಹಿಡಿದು ಹೊರಟವನಿಗೆ, ಅವುಗಳಿಗೆ ಆಧಾರವಾದ ನದಿಯೇ ಕಣ್ಣಿಗೆ ಬೀಳದೆ ಹೋಗುವುದುಂಟು. ಆದುದರಿಂದ ಯಾತ್ರೆಯ ಕ್ರಮವನ್ನು ಗೊತ್ತುಮಾಡುವಾಗಲೇ ನದಿಯ ಚರಿತ್ರೆಯನ್ನೂ ಲಕ್ಷ್ಯದಲ್ಲಿಡುವುದು ಯುಕ್ತವೆಂದು ನಮಗೆ ತೋರುತ್ತದೆ.

ನೈಲ್ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿಯಾದರೋ ಬಹುಮಟ್ಟಿಗೆ ಉತ್ತರದಿಂದ ಬೀಸುತ್ತದೆ. ಹೋಗುವಾಗ ಹಾಯಿ, ಬರುವಾಗ ಪ್ರವಾಹ. ಅಲ್ಲಿಯ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಪಯಣಿಸುವುದೆಂಬುದಕ್ಕೆ ಹಾಯಿ ಬಿಚ್ಚಿದ ದೋಣಿಯನ್ನೂ, ಉತ್ತರಕ್ಕೆ ಪಯಣಿಸುವುದೆಂಬುದಕ್ಕೆ ಹಾಯಿಯಿಲ್ಲದ ದೋಣಿಯನ್ನೂ ಬರೆಯುತ್ತಿದ್ದರು. ಈ ಸೌಕರ್ಯವಿಲ್ಲದಿದ್ದರೆ ಅಷ್ಟು ದೊಡ್ಡ ಕಲ್ಲುಗಳು ಅಷ್ಟು ದೂರ ಸಾಗುತ್ತಲೇ ಇರಲಿಲ್ಲ. ಎಡ್ಫು ಮತ್ತು ಕೋಮ್ ಓಂಬೊಗಳ ನಡುವೆ ನದಿಯು ಇಕ್ಕಟ್ಟಾಗುವೆಡೆಯಲ್ಲಿ ಗೆಬೆಲ್ ಸಿಲ್ಸಿಲಾ ಎಂಬ ಮರಳುಗಲ್ಲಿನ ಗಣಿಗಳಿವೆ. ಕಾರ್ನಾಕ್ ಮೊದಲಾದ ಮಹಾದೇವಾಲಯಗಳಿಗೆ ಇಲ್ಲಿಂದಲೇ ಕಲ್ಲು ಹೋಯಿತು. ದೊಡ್ಡ ಹಡಗುಗಳು ಇಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ದಹಬಿಯ್ಯವೆಂಬ ಹಾಯಿದೋಣಿಗಳು ನಿಲ್ಲುತ್ತವೆ. ಕಾಲಾವಕಾಶವುಳ್ಳವರು ಒಂದು ದೇಗುಲವನ್ನು ಬಿಟ್ಟಾದರೂ ಈ ಗಣಿಯನ್ನು ನೋಡತಕ್ಕದ್ದು.

ಇನ್ನು ಕಾಲದ ಮಾತು. ಕಾರ್ನಾಕಿನ 134 ಕಂಬಗಳ ಮಂಟಪವನ್ನು ಕಂಡವನು ಮುಂದೆ ಸಾಗಿದಂತೆಲ್ಲ ಇನ್ನೂ ಹಳೆಯದಕ್ಕೆ ಹೋಗುತ್ತಿರುವೆನೆಂದು ಭಾವಿಸಬಹುದು. ವಸ್ತುಸ್ಥಿತಿಯು ಇದಕ್ಕೆ ವಿಪರೀತವಾಗಿದೆ. ಎಡ್ಫುವಿನ ದೇವಾಲಯವು ಕ್ರಿ.ಪೂ. 237ರಲ್ಲಿ ಗ್ರೀಕ್ ವಂಶದ ಟಾಲೆಮಿ ಅರಸರಿಂದ ಆರಂಭವಾಗಿ ಕ್ರಿ.ಪೂ. 57ರಲ್ಲಿ ಪೂರ್ಣವಾಯಿತು. ಆಸ್ವಾನಿನ ಬಳಿಯ ಫಿಲೇಯಲ್ಲಿ ಕ್ರಿ.ಶ. 394ರ ಬರಹವೊಂದಿದೆ, ಕಾಲವನ್ನು ನಿಶ್ಚಯಿಸಬಹುದಾದ ಚಿತ್ರಲಿಪಿಯ ಬರಹಗಳಲ್ಲಿ ಅದೇ ಕಡೆಯದು. ಮೂರು ಸಾವಿರ ವರ್ಷಗಳಿಗೂ ಮಿಕ್ಕು ಬಾಳಿದ ಲಿಪಿಯೊಂದು ಮೌನವಾದ ಸ್ಥಳವದು.

ಆ ಫಿಲೇಯಾದರೂ ಈಗ ತನ್ನ ದ್ವೀಪದಲ್ಲಿಲ್ಲ. 1902ರಲ್ಲಿ ಆಸ್ವಾನಿನ ಮೊದಲನೆಯ ಅಣೆಕಟ್ಟು ಮುಗಿದ ಮೇಲೆ ದೇವಾಲಯವು ವರ್ಷದ ಬಹುಭಾಗ ನೀರಿನಲ್ಲಿ ನಿಲ್ಲುವಂತಾಗಿ, ಯಾತ್ರಿಕರು ಕಂಬಗಳ ನಡುವೆ ದೋಣಿ ನಡೆಸುತ್ತಿದ್ದರು. 1960ರಲ್ಲಿ ಮೇಲಣ ಮಹಾ ಅಣೆಕಟ್ಟಿನ ಕೆಲಸ ಮೊದಲಾದಾಗ ಯುನೆಸ್ಕೋ ಸಂಸ್ಥೆಯು ಲೋಕದ ರಾಷ್ಟ್ರಗಳ ನೆರವನ್ನು ಬೇಡಿತು. ಕ್ರಿ.ಪೂ. 13ನೆಯ ಶತಮಾನದಲ್ಲಿ ಎರಡನೆಯ ರಾಮಸೇಸನು ಬೆಟ್ಟದಲ್ಲಿ ಕೊರೆಯಿಸಿದ ಅಬು ಸಿಂಬೆಲ್ ಗುಡಿಗಳನ್ನು 1964ರಿಂದ 1968ರೊಳಗೆ ಸಾವಿರಕ್ಕೂ ಮಿಕ್ಕ ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರು ಮೇಲಕ್ಕೆ ಸಾಗಿಸಿ ಮರಳಿ ಜೋಡಿಸಿದರು. ಫಿಲೇಯು 1980ರ ವೇಳೆಗೆ ನೆರೆಯ ಅಗಿಲ್ಕಿಯಾ ದ್ವೀಪವನ್ನು ಸೇರಿತು. ಲಕ್ಸರಿನಿಂದ ಬರುವ ಹಡಗು ಅಣೆಕಟ್ಟನ್ನು ದಾಟಲಾರದು. ಅಬು ಸಿಂಬೆಲಿಗೆ ಹೋಗುವವರು ಆಸ್ವಾನಿನಿಂದ ರಸ್ತೆಯನ್ನಾಗಲಿ ವಿಮಾನವನ್ನಾಗಲಿ ಹಿಡಿಯಬೇಕು, ಇಲ್ಲವೆ ಮೇಲಣ ಸರೋವರದಲ್ಲಿ ಬೇರೊಂದು ಹಡಗನ್ನೇರಬೇಕು.

ಆ ಸರೋವರದ ಕೆಳಗೆ ನ್ಯೂಬಿಯಾ ಜನರ ಊರುಗಳಿವೆ. ಗುಡಿಗಳನ್ನುಳಿಸಿದ ಕೌಶಲವನ್ನು ಹೊಗಳುವ ಪುಸ್ತಕಗಳು ಇವರಿಗೆ ಹೆಚ್ಚು ಪುಟಗಳನ್ನು ಕೊಡುವುದಿಲ್ಲ. ಈಜಿಪ್ಟಿನ ಪಾಲಿನ ಸುಮಾರು 50,000 ಮಂದಿಯನ್ನು 1963-64ರಲ್ಲಿ ಎಬ್ಬಿಸಿ ಕೋಮ್ ಓಂಬೊ ಸೀಮೆಯಲ್ಲಿ ನೆಲಸುವಂತೆ ಮಾಡಲಾಯಿತು. ಮೊಸಳೆಮೊಗದ ಸೋಬೆಕ್ ದೇವರ ಗುಡಿಗೆಂದು ಹಡಗುಗಳು ನಿಲ್ಲುವ ಕೋಮ್ ಓಂಬೊ ಇದೇ. ದಡದಲ್ಲಿ ಒಂದೆರಡು ಗಂಟೆ ಕಳೆದು ಯಾತ್ರಿಕರು ಹಿಂದಿರುಗುತ್ತಾರೆ. ಇಲ್ಲಿ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಗುಡಿಯಿಂದ ಒಳನಾಡಿಗೆ ಹೋದರೆ ಸಾಲುಸಾಲಾಗಿ ಕಟ್ಟಿದ ಮರುವಸತಿಯ ಹಳ್ಳಿಗಳು ಸಿಗುತ್ತವೆ. ಬಲ್ಲಾನ ಮೊದಲಾದ ಮುಳುಗಿದ ಊರುಗಳ ಹೆಸರುಗಳನ್ನೇ ಅವಕ್ಕೆ ಇಟ್ಟಿದ್ದಾರೆ. ಹಿಂದೆ ಆ ಊರುಗಳ ಮನೆಬಾಗಿಲುಗಳು ನೈಲಿನ ಕಡೆಗೆ ಇದ್ದವು. ಈ ಹಳ್ಳಿಗಳಿಂದ ನದಿಯು ಕಾಣಿಸುವುದಿಲ್ಲ.