ಪರಭಾಷಾ ಬೋಧನೆಯಲ್ಲಿ ವಿವೇಚನೆ: ಕಿಟೆಲ್ ನಿಘಂಟಿನ ದೃಷ್ಟಿಯಿಂದ

ಪರಭಾಷೆಯ ತರಗತಿಯಲ್ಲಿ ಭಾಷಾಂತರವು ಜಡವಾದ ಅಭ್ಯಾಸವೆಂಬ ಅಭಿಪ್ರಾಯವು ಶಿಕ್ಷಕರಲ್ಲಿ ಬಹುಕಾಲದಿಂದ ರೂಢವಾಗಿದೆ. ಧಾರವಾಡ ಸೀಮೆಯ ವಿದ್ಯಾಚರಿತ್ರೆಯನ್ನು ಅವಲೋಕಿಸಿದರೆ ಈ ಮಾತನ್ನು ಪೂರ್ಣವಾಗಿ ಒಪ್ಪುವುದು ನಮಗೆ ಕಷ್ಟವೆನಿಸುತ್ತದೆ. ಗುರುಗಳು ಹೇಳಿದ ಅರ್ಥವನ್ನು ವಿದ್ಯಾರ್ಥಿ ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುವ ಪದ್ಧತಿಯು ಜಡವೆಂಬುದು ನಿಜ. ಆದರೆ ಆ ದೋಷವು ಪರೀಕ್ಷೆಯದು, ಭಾಷಾಂತರದ್ದಲ್ಲ.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಅವರಿಗೆ ಕನ್ನಡವೇ ಪರಭಾಷೆ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಅವರು ಈ ಮಿಶನ್ನಿಗೆ ಸೇರಿದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ನಮಗೆ ಇಲ್ಲಿ ಮುಖ್ಯವಾದುದು ಆ ಸಂಖ್ಯೆಯಲ್ಲ, ಅವರ ಶೋಧನಕ್ರಮ. ಶಬ್ದಕ್ಕೆ ಅರ್ಥವನ್ನು ಕೊಟ್ಟು ಅವರು ಸುಮ್ಮನಾಗುವುದಿಲ್ಲ. ಅದು ಯಾವ ಗ್ರಂಥದಲ್ಲಿ ಬಂದಿದೆ, ಮೈಸೂರಿನ ಬಳಕೆಯೋ ಧಾರವಾಡವನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯ ಬಳಕೆಯೋ, ತಮಿಳು ತೆಲುಗು ತುಳುಗಳಲ್ಲಿ ಅದಕ್ಕೆ ಸೋದರ ಶಬ್ದಗಳುಂಟೋ ಎಂಬುದನ್ನೂ ತೋರಿಸುತ್ತಾರೆ. ಸಂದೇಹವಿದ್ದಲ್ಲಿ ಪ್ರಶ್ನಚಿಹ್ನೆಯನ್ನು ಇಡುತ್ತಾರೆ. ಸಂಸ್ಕೃತದ್ದೆಂದು ಪಂಡಿತರು ಭಾವಿಸಿದ್ದ ಅನೇಕ ಶಬ್ದಗಳು ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದೆಂದು ಮುನ್ನುಡಿಯಲ್ಲಿ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯೆಲ್ಲವೂ ಇಂದು ನಿಲ್ಲಲಾರದು. ಅವರು ಶಂಕಿಸಿದ್ದು ಶಬ್ದಗಳನ್ನೇ ಹೊರತು ತಮ್ಮ ಮತಪ್ರಚಾರದ ಉದ್ದೇಶವನ್ನಲ್ಲ ಎಂಬುದನ್ನೂ ನಾವು ಮರೆಯಬಾರದು. ಆದರೂ ‘ಇದಕ್ಕೆ ಆಧಾರವೇನು?’ ಎಂಬ ಪ್ರಶ್ನೆಯನ್ನು ಪರಭಾಷೆಯ ಅಭ್ಯಾಸಿಯೊಬ್ಬನು ಪುಟಪುಟದಲ್ಲಿಯೂ ಕೇಳಿದ್ದಕ್ಕೆ ಈ ಗ್ರಂಥವು ಸಾಕ್ಷಿಯಾಗಿದೆ. ಇತಿಹಾಸದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಸದಲ್ಲ. ಶಾಸನವನ್ನು ಓದುವಾಗಲೂ ನಾವು ಕೇಳುವುದು ಇದನ್ನೇ.

ಇಂದಿನ ತರಗತಿಯಲ್ಲಿ ಇದನ್ನು ಸಾಧಿಸಲು ದೊಡ್ಡ ಸಿದ್ಧತೆ ಬೇಕಾಗಿಲ್ಲ. ಇಂಗ್ಲಿಷ್ ಕಥೆಯೊಂದರಲ್ಲಿ ‘ಅಂಕಲ್’ ಎಂಬ ಮಾತು ಬಂದಿತೆನ್ನೋಣ. ನಮ್ಮ ಭಾಗದ ಹುಡುಗನು ಅದನ್ನು ಕಾಕಾ ಎನ್ನಬೇಕೆ, ದೊಡ್ಡಪ್ಪ ಎನ್ನಬೇಕೆ, ಸೋದರಮಾವ ಎನ್ನಬೇಕೆ? ಅದನ್ನು ನಿರ್ಣಯಿಸಲು ಅವನು ಕಥೆಯನ್ನು ಮತ್ತೆ ಓದಬೇಕು, ಮನೆತನದ ಸಂಬಂಧಗಳನ್ನು ಹುಡುಕಬೇಕು, ದೊರೆತ ಸುಳಿವು ಸಾಕೇ ಎಂದು ತೂಗಬೇಕು. ಕೆಲವೊಮ್ಮೆ ಸುಳಿವೇ ಇರುವುದಿಲ್ಲ. ಆಗ ‘ಮೂಲದಿಂದ ಇದು ತಿಳಿಯದು’ ಎಂಬುದೇ ಸರಿಯಾದ ಉತ್ತರ. ಊಹಿಸಿ ‘ಕಾಕಾ’ ಎಂದು ಬರೆದವನಿಗೆ ಅಂಕಗಳು ಸುಲಭವಾಗಿ ದೊರೆಯುತ್ತವೆ. ತಿಳಿಯದೆಂದು ಕಾರಣಸಹಿತವಾಗಿ ಬರೆದವನಿಗೆ ಎಷ್ಟು ಕೊಡಬೇಕೆಂಬುದನ್ನು ಅಧ್ಯಾಪಕರಾದ ನಾವು ಇನ್ನೂ ನಿಶ್ಚಯಿಸಿಲ್ಲ.