ಬಾಖರಾಖ್: ಒಳ್ಳೆಯ ವೈನು, ಹಳೆಯ ಸುಳ್ಳು

ಜರ್ಮನಿಯ ರೈನ್ ನದಿ ಬಿಂಗೆನ್ ಊರಿನ ಹತ್ತಿರ ಎರಡು ಗುಡ್ಡಸಾಲುಗಳ ನಡುವೆ ನುಗ್ಗಿ ಇಕ್ಕಟ್ಟಾಗುತ್ತದೆ. ಅಲ್ಲಿಂದ ಕೊಬ್ಲೆಂಜ್‌ವರೆಗಿನ ಸುಮಾರು 65 ಕಿ.ಮೀ. ಕಣಿವೆ 2002ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈ ಕಣಿವೆಯ ಬಾಖರಾಖ್ ಎಂಬ ಪುಟ್ಟ ಊರನ್ನು ನೋಡಿ ಬಂದೆ.

ಗುಡ್ಡದ ಮೈಗೆ ಅಂಟಿಕೊಂಡಂತೆ ದ್ರಾಕ್ಷಿ ತೋಟಗಳು. ಹಗಲಿಡೀ ಬಿಸಿಲು ಕುಡಿದ ಸ್ಲೇಟು ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದಂತೆ. ಇಲ್ಲಿ ಹೆಚ್ಚು ಬೆಳೆಯುವುದು ರೀಸ್ಲಿಂಗ್ ದ್ರಾಕ್ಷಿ. ಆದರೆ ಈ ಊರನ್ನು ಹಿಂದೆ ಶ್ರೀಮಂತ ಮಾಡಿದ್ದು ಬರೀ ಬೆಳೆಯಲ್ಲ, ವ್ಯಾಪಾರ. ಬಿಂಗೆನ್ ಬಳಿ ನದಿಯೊಳಗೆ ಬಂಡೆಗಳಿದ್ದವು, ದೊಡ್ಡ ಹಡಗು ದಾಟುವ ಹಾಗಿರಲಿಲ್ಲ. ಮೇಲಿನ ಸೀಮೆಯ ವೈನು ಸಣ್ಣ ದೋಣಿಗಳಲ್ಲಿ ಬಂದು ಬಾಖರಾಖ್‌ನಲ್ಲಿ ದೊಡ್ಡ ಹಡಗು ಏರುತ್ತಿತ್ತು. ಹಾಗಾಗಿ ಎಲ್ಲೋ ಬೆಳೆದ ವೈನೂ ಬಾಖರಾಖ್ ಹೆಸರಲ್ಲೇ ಮಾರಾಟವಾಗುತ್ತಿತ್ತು! 1368ರ ಮರದ ಚೌಕಟ್ಟಿನ ಮನೆಯೊಂದು ಇಂದಿಗೂ ಪೇಟೆಯಲ್ಲಿ ನಿಂತಿದೆ.

ಎಲ್ಲರ ಕ್ಯಾಮೆರಾ ತಿರುಗುವುದು ಮಾತ್ರ ಚರ್ಚಿನ ಹಿಂದಿನ ದಿಬ್ಬದ ಮೇಲಿನ ಸೂರಿಲ್ಲದ ಕೆಂಪು ಕಲ್ಲಿನ ಗುಡಿಯತ್ತ. ಅದರ ಹೆಸರು ವೆರ್ನರ್ ಚಾಪೆಲ್. ಖಾಲಿ ಕಿಟಕಿಗಳಿಂದ ನದಿ ಎಷ್ಟು ಚೆಂದ ಕಾಣುತ್ತದೆ ಅಂತೀರಿ... ಅದರ ಕಥೆ ಮಾತ್ರ ಚೆಂದದ್ದಲ್ಲ.

1287ರಲ್ಲಿ ವೆರ್ನರ್ ಎಂಬ ಹದಿನಾರರ ಹುಡುಗನ ಹೆಣ ಈ ಊರಿನ ಹತ್ತಿರ ಸಿಕ್ಕಿತು. ಯಹೂದಿಗಳು ತಮ್ಮ ಹಬ್ಬಕ್ಕೆ ರಕ್ತ ಬೇಕೆಂದು ಕೊಂದರು ಅಂತ ಪುಕಾರು ಎದ್ದಿತು. ಒಬರ್‌ವೆಸೆಲ್, ಬೊಪ್ಪಾರ್ಡ್ ಮುಂತಾದ ರೈನ್ ದಡದ ಊರುಗಳಲ್ಲಿ ಯಹೂದಿಗಳ ಕೊಲೆಗಳಾದವು. ರಾಜ ರುಡಾಲ್ಫ್ ಆಗಲೇ ಈ ಆರೋಪ ಸುಳ್ಳೆಂದ, ಪೂಜೆ ಶುರುವಾಗಬಾರದೆಂದು ಹೆಣವನ್ನು ಸುಡಲು ಹೇಳಿದ. ಯಾರೂ ಕೇಳಲಿಲ್ಲ. ಹುಡುಗ ಸಂತನಾದ, ಯಾತ್ರಿಕರು ಬಂದರು, ಕಾಣಿಕೆ ಬಂತು, ಗುಡಿ ಎದ್ದಿತು. ಮುಂದೆ ಅವನು ದ್ರಾಕ್ಷಿ ಬೆಳೆಗಾರರ ಸಂತನೂ ಆದ. ಫ್ರಾನ್ಸಿನ ಬರ್ಗಂಡಿ ಕಡೆಯವರೂ ಅವನನ್ನು ವೆರ್ನಿಯೇ ಎಂದು ಪೂಜಿಸಿದರು.

1689ರಲ್ಲಿ ಫ್ರೆಂಚ್ ಸೈನ್ಯ ಮೇಲಿನ ಸ್ಟಾಲೆಕ್ ಕೋಟೆಯನ್ನು ಸಿಡಿಸಿದಾಗ ಕಲ್ಲುಗಳು ಉರುಳಿಬಿದ್ದು ಗುಡಿ ಹಾಳಾಯಿತು. ಸುಳ್ಳಿಗೆ ಏನೂ ಆಗಲಿಲ್ಲ. ಯಹೂದಿ ಮನೆತನದ ಕವಿ ಹೈನೆ ಈ ಊರನ್ನೂ ಇಂಥದೇ ಆರೋಪವನ್ನೂ ಇಟ್ಟುಕೊಂಡು ಬರೆಯತೊಡಗಿದ ಕಥೆ 1840ರಲ್ಲಿ ಅರ್ಧಕ್ಕೇ ಅಚ್ಚಾಯಿತು. ಟ್ರಿಯರ್ ಧರ್ಮಪ್ರಾಂತ್ಯ ತನ್ನ ಪಂಚಾಂಗದಿಂದ ವೆರ್ನರನ ಹೆಸರನ್ನು ತೆಗೆದದ್ದು 1963ರಲ್ಲಿ. ಅಂದರೆ 676 ವರ್ಷಗಳ ನಂತರ!

ಸತ್ಯ ತಡವಾಗಿ ಗೊತ್ತಾಗುತ್ತದೆ ಅನ್ನುತ್ತೇವೆ. ಇಲ್ಲಿ ಅದು ಮೊದಲೇ ಗೊತ್ತಿತ್ತು, ರಾಜನೇ ಹೇಳಿದ್ದ. ಆದರೆ ಸುಳ್ಳಿಗೆ ಒಂದು ಗುಡಿ, ಒಂದು ಹಬ್ಬ, ನಾಲ್ಕು ಕಾಸಿನ ಸಂಪಾದನೆ ಸಿಕ್ಕಿಬಿಟ್ಟರೆ ಅದನ್ನು ಕದಲಿಸುವುದು ಕಷ್ಟ. ಯಹೂದಿಗಳ ಬಗ್ಗೆ ಕ್ರೈಸ್ತರ ಮನಸ್ಸು ಬದಲಾಗಲಿ ಎಂಬ ಪ್ರಾರ್ಥನೆಯ ಫಲಕವೊಂದು ಈಗ ಆ ಗುಡಿಯಲ್ಲಿದೆ. ನೀವೇನಾದರೂ ಆ ಕಡೆ ಹೋದರೆ ವೈನನ್ನೂ ಸವಿಯಿರಿ, ಫೋಟೋನೂ ತೆಗೆಯಿರಿ. ಆ ಫಲಕವನ್ನು ಮಾತ್ರ ಓದದೆ ಬರಬೇಡಿ.