ಭತ್ತದ ಹೊಟ್ಟಿನ ಸಿಲಿಕಾ

ಭತ್ತದ ಹೊಟ್ಟು ಸುಟ್ಟ ಬೂದಿಯಿಂದ ಕಡಿಮೆ ಖರ್ಚಿನಲ್ಲಿ, ದೊಡ್ಡ ಪ್ರಮಾಣದಲ್ಲಿ ತೆಗೆಯಬಹುದಾದ ನುಣುಪಾದ ಬಿಳಿ ಪುಡಿ. ಟೈರ್, ಟೂತ್‌ಪೇಸ್ಟ್, ಬಣ್ಣಗಳ ತಯಾರಿಕೆಗೆ ಬೇಕಾಗುತ್ತದೆ. ಇದರ ಕಚ್ಚಾ ಸಾಮಗ್ರಿಗೆ ಕೊಪ್ಪಳ ಜಿಲ್ಲೆಯಲ್ಲಿ ಬರವಿಲ್ಲ. ವಿರೂಪಾಪುರಗಡ್ಡೆಯ ಗದ್ದೆಗಳಿಂದ ಹಿಡಿದು ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನವರೆಗೂ ಭತ್ತದ್ದೇ ದರ್ಬಾರು. ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳ ಸಾಲು. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು, ಅದನ್ನು ಉರಿಸಿದರೆ ಸುಮಾರು 40 ಕಿಲೋ ಬೂದಿ. ಬೂದಿಯ ಬಹುಪಾಲು ಸಿಲಿಕಾ.

ರೂಢಿಯ ವಿಧಾನದಲ್ಲಿ ಮರಳನ್ನೂ ಸೋಡಾವನ್ನೂ 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕರಗಿಸಿ, ಬಳಿಕ ಗಂಧಕಾಮ್ಲ ಬೆರೆಸಬೇಕು. ಇಂಧನದ ಖರ್ಚೂ ಉಪ್ಪಿನ ತ್ಯಾಜ್ಯವೂ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ವಿಧಾನದ ಜಾಣತನ ಇರುವುದು ಮರುಬಳಕೆಯಲ್ಲಿ. ಬೂದಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿ ಸೋಸುತ್ತಾರೆ. ತಿಳಿಯಾದ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಸಿಲಿಕಾ ಒತ್ತರಿಸಿ ತಳಕ್ಕೆ ಇಳಿಯುತ್ತದೆ. ಉಳಿದ ದ್ರಾವಣಕ್ಕೆ ಸುಣ್ಣ ಹಾಕಿದರೆ ಕಾಸ್ಟಿಕ್ ಸೋಡಾ ಮರಳಿ ಸಿಗುತ್ತದೆ. ದುಬಾರಿ ರಾಸಾಯನಿಕ ಹೀಗೆ ಸುತ್ತು ಹೊಡೆಯುತ್ತಿರುತ್ತದೆ, ಖರ್ಚಾಗುವುದು ಮುಖ್ಯವಾಗಿ ಅಗ್ಗದ ಸುಣ್ಣ.

ಎಲ್ಲ ಬೂದಿಯೂ ಒಂದೇ ಅಲ್ಲ. ಉರಿ ವಿಪರೀತವಾದರೆ ಸಿಲಿಕಾ ಹರಳುಗಟ್ಟಿ ಸೋಡಾದಲ್ಲಿ ಸುಲಭವಾಗಿ ಕರಗುವುದಿಲ್ಲ; ಉರಿ ಸಾಲದಿದ್ದರೆ ಇಂಗಾಲ ಉಳಿದು ಬೂದಿ ಕಪ್ಪಾಗುತ್ತದೆ. ಹೊಟ್ಟು ಹಗುರ, ಲಾರಿ ತುಂಬಿದರೂ ತೂಕ ಬರದು. ಹೀಗಾಗಿ ಗಿರಣಿಯ ಬಾಯ್ಲರ್ ಪಕ್ಕದಲ್ಲೇ ಘಟಕವಿದ್ದರೆ ಲೆಕ್ಕ ಸರಿಹೋಗುತ್ತದೆ.